ಶಿಡ್ಲಘಟ್ಟಕ್ಕೆ ತಲುಪದ ಎರಡು ಪರ್ಸೆಂಟ್

ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕವಾದ ಫಿಲೇಚರ್‌ನಲ್ಲಿ ನೂಲು ಬಿಚ್ಚಲು ಕೂತ ಹೆಣ್ಣುಮಗಳ ಬೆರಳು ದಿನವಿಡೀ ಬಿಸಿನೀರಿನಲ್ಲೇ ಇರುತ್ತದೆ. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಬೇಕು, ಹಲವು ಎಳೆ ಕೂಡಿಸಿ ರಾಟೆಗೆ ಹತ್ತಿಸಬೇಕು. ಎಳೆ ಕಡಿದರೆ ಮತ್ತೆ ಹುಡುಕಾಟ, ಒಂದಿಷ್ಟು ರೇಷ್ಮೆ ತ್ಯಾಜ್ಯದ ಪಾಲು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಯಿತೆಂಬ ಲೆಕ್ಕಕ್ಕೆ ಈ ಕಸುಬಿನಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ಘಟಕ ನಡೆಸುವ ರೀಲರ್‌ಗೆ ನಾಲ್ಕು ಕಾಸು ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೇ ನಿಂತಿದೆ. ಬೆರಳು ಹುಣ್ಣಾಗಿ ಪಳಗಿದ ಕೈ ಕೆಲಸ ಬಿಟ್ಟರೆ ರೆಂಡಿಟ್ಟಾ ಏರುತ್ತದೆ, ನೂಲಿನ ದರ್ಜೆ ಇಳಿಯುತ್ತದೆ.

ಸಾಮಾಜಿಕ ಹೊಣೆಗಾರಿಕೆಗೂ ಕಂಪನಿಯ ಲಾಭಕ್ಕೂ ಇರುವ ನಂಟನ್ನು ಹುಡುಕಬೇಕಾದದ್ದು ಇಲ್ಲಿ.

ಕಂಪನಿಯ ಹೊಣೆ ಲಾಭ ಹೆಚ್ಚಿಸುವುದಷ್ಟೇ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದ್ದರು. 2003ರಲ್ಲಿ ಆರ್ಲಿಟ್ಸ್ಕಿ, ಶ್ಮಿಟ್ ಮತ್ತು ರೈನ್ಸ್ 52 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೊಣೆಯರಿತ ಕಂಪನಿಗಳ ಹಣಕಾಸು ಸ್ಥಿತಿಯೂ ಸಾಮಾನ್ಯವಾಗಿ ಚೆನ್ನಾಗಿತ್ತು. ಇನ್ನೂ ಸೂಕ್ಷ್ಮವಾದದ್ದು 2001ರ ಹಿಲ್‌ಮನ್–ಕೀಮ್ ಅಧ್ಯಯನ. ನೌಕರರು, ಗ್ರಾಹಕರು, ಸರಕು ಒದಗಿಸುವವರನ್ನು ಚೆನ್ನಾಗಿ ನಡೆಸಿಕೊಂಡ ಕಂಪನಿಗಳ ಷೇರುದಾರರಿಗೆ ಲಾಭವಾಗಿತ್ತು. ವ್ಯವಹಾರಕ್ಕೆ ಸಂಬಂಧವಿಲ್ಲದ ಸಾಮಾಜಿಕ ವಿಷಯಗಳಿಗೆ ಕೈಹಾಕಿದವರಿಗೆ ಆಗಿರಲಿಲ್ಲ.

ನಮ್ಮ ಕಾನೂನು ಹಿಡಿದದ್ದು ಎರಡನೆಯ ದಾರಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕನಿಷ್ಠ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಮಂಚಿರಾಜು ಮತ್ತು ರಾಜಗೋಪಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಕಡ್ಡಾಯಕ್ಕೆ ಒಳಪಟ್ಟ ಕಂಪನಿಗಳ ಷೇರು ಬೆಲೆ ಸರಾಸರಿ ಶೇ 4.1ರಷ್ಟು ಕುಸಿಯಿತು. ಅದರಲ್ಲಿ ಅಚ್ಚರಿಯೇನಿಲ್ಲ. ನಿತ್ಯದ ವ್ಯವಹಾರದ ಭಾಗವಾದ ಕೆಲಸ, ಸ್ವಂತ ನೌಕರರ ಅನುಕೂಲಕ್ಕೆ ಮಾಡಿದ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಶಾಲೆಗೆ ಕಟ್ಟಡ, ಊರಿಗೆ ಕುಡಿಯುವ ನೀರಿನ ಘಟಕ ಕೊಟ್ಟರೆ ಹೊಣೆ ತೀರಿತು. ಅವೂ ಬೇಕಾದವೇ, ತಕರಾರಿಲ್ಲ. ಆದರೆ ಕಂಪನಿ ಲಾಭ ಮಾಡುವ ರೀತಿಯನ್ನು ಅವು ಮುಟ್ಟುವುದಿಲ್ಲ.

ರಾಮನಗರದ ಜೊತೆಗೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಯಿರುವ ಶಿಡ್ಲಘಟ್ಟದ ಸಣ್ಣ ಘಟಕಗಳು ಕಾಯ್ದೆಯ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಇಂಥ ಊರುಗಳ ನೂಲಿನಿಂದ ನೇಯ್ದ ಸೀರೆ ಮಾರುವ ದೊಡ್ಡ ಕಂಪನಿಗಳಿಗೆ ಹೆಸರೂ ಇದೆ, ಲಾಭವೂ ಇದೆ, ಫಿಲೇಚರ್‌ನ ಕಾರ್ಮಿಕರ ಹೊಣೆ ಮಾತ್ರ ಇಲ್ಲ. ದೇಶದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಕೊಟ್ಟ ವರದಿಯಲ್ಲಿ ಕರ್ನಾಟಕವೂ ಇತ್ತು. ಆ ಕಳಂಕವನ್ನು ಹೊತ್ತದ್ದು ಊರುಗಳು, ಅಂಗಡಿಗಳ ಫಲಕಗಳಲ್ಲ.

ಸೀರೆ ಕಂಪನಿಯೊಂದು ದರ್ಜೆಗೆ ತಕ್ಕ ಬೆಲೆ ಕೊಟ್ಟು ವರ್ಷವಿಡೀ ನೂಲು ಕೊಳ್ಳುವ ಕರಾರು ಮಾಡಿಕೊಳ್ಳಲಿ. ಮಕ್ಕಳನ್ನು ದುಡಿಸಬಾರದು, ಹೊಗೆ ಹೊರಹೋಗುವಂತಿರಬೇಕು, ಕಾರ್ಮಿಕರ ಕೈಗೆ ರಕ್ಷಣೆ ಬೇಕು ಎಂಬ ಷರತ್ತು ಹಾಕಲಿ. ಖರೀದಿಯ ಖಾತ್ರಿ ಇದ್ದರೆ ರೀಲರ್ ಸ್ವಯಂಚಾಲಿತ ಯಂತ್ರಕ್ಕೆ ಧೈರ್ಯವಾಗಿ ಸಾಲ ಮಾಡಬಲ್ಲ. ಕಂಪನಿಗೆ ಒಂದೇ ಸಮನಾದ ನೂಲು ಸಿಗುತ್ತದೆ. ಸರಕು ಒದಗಿಸುವ ಸಣ್ಣ ಘಟಕಗಳ ಕಾರ್ಮಿಕರ ಆರೋಗ್ಯ, ಸುರಕ್ಷತೆಗೆ ಮಾಡುವ ವೆಚ್ಚದ ಒಂದು ಪಾಲನ್ನಾದರೂ ಕೇಂದ್ರ ಸರ್ಕಾರ ಆ ಶೇ 2ರ ಲೆಕ್ಕಕ್ಕೆ ಸೇರಿಸಬೇಕು.