‘ನಮ್ಮೂರ ಜೇನು, ಸಕ್ಕರೆ ಕಾಯಿಲೆಗೆ ರಾಮಬಾಣ’: ಈ ಫಾರ್ವರ್ಡ್‌ನಿಂದ ಸಣ್ಣ ವ್ಯಾಪಾರಿಗೆ ಲಾಭವೇ?

ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಇಂಥದ್ದೊಂದು ಸಂದೇಶ ಬಂದಿರಬಹುದು. ‘ಮಲೆನಾಡಿನ ಕಾಡುಜೇನು. 100% ಶುದ್ಧ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಎಲ್ಲಕ್ಕೂ ರಾಮಬಾಣ. ಸ್ಟಾಕ್ ಕಡಿಮೆ ಇದೆ. ನಮ್ಮೂರಿನವರಿಗೆ ಸಹಾಯವಾಗಲಿ, ಎಲ್ಲ ಗ್ರೂಪ್‌ಗಳಿಗೂ ಶೇರ್ ಮಾಡಿ.’ ಕೆಳಗೊಂದು ಫೋನ್ ನಂಬರ್. ಮಾರುವವರ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ.

ಇದನ್ನು ಮುಂದಕ್ಕೆ ಕಳಿಸುವವರ ಉದ್ದೇಶ ಒಳ್ಳೆಯದೇ. ಊರಿನ ಒಂದು ಕುಟುಂಬಕ್ಕೆ ನಾಲ್ಕು ಕಾಸು ಬರಲಿ ಎಂಬ ಆಸೆ. ಆದರೆ ಇಂಥ ಫಾರ್ವರ್ಡ್‌ನಿಂದ ಆ ಕುಟುಂಬಕ್ಕೆ ನಿಜವಾಗಿ ಏನು ಸಿಗುತ್ತದೆ? ಓದಿದವರಿಗೆ ಏನಾಗುತ್ತದೆ? ಒಂದೊಂದಾಗಿ ನೋಡೋಣ.

ಇದು ಮಲೆನಾಡಿಗೆ ಏಕೆ ಮುಖ್ಯ?

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಚಿಕ್ಕಮಗಳೂರು ಜಿಲ್ಲೆಯ ಮೂರು ಮಲೆನಾಡು ತಾಲ್ಲೂಕುಗಳು. ಇಲ್ಲಿನ ಬದುಕು ಹೆಚ್ಚಾಗಿ ಅಡಿಕೆ, ಕಾಫಿ ಮತ್ತು ಕಾಳುಮೆಣಸನ್ನು ನೆಚ್ಚಿಕೊಂಡಿದೆ. ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ.

ತೋಟದ ಆದಾಯ ಇಳಿದ ಮನೆಗೆ ಜೇನು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮನೆಯಲ್ಲೇ ಹುರಿದ ಕಾಫಿಪುಡಿ ಅಥವಾ ಒಂದೆರಡು ಕೋಣೆಗಳ ಹೋಂಸ್ಟೇ ಆಸರೆಯಾಗಬಲ್ಲದು. ಇದಕ್ಕೆ ಅಂಗಡಿ ಬಾಡಿಗೆ, ಏಜೆಂಟ್ ಯಾವುದೂ ಬೇಡ, ಕೈಯಲ್ಲಿರುವ ಮೊಬೈಲ್ ಸಾಕು. ಗಿರಾಕಿಗಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರಿನ ಮಕ್ಕಳು, ಅವರ ಸ್ನೇಹಿತರು, ಶಾರದಾಂಬೆಯ ದರ್ಶನಕ್ಕೆ ಬಂದು ಹೋದವರು. ಅವರು ದೂರದಿಂದಲೇ ಕೊಳ್ಳುವುದರಿಂದ ಸೀಸೆಯೊಳಗೆ ಏನಿದೆ ಎಂದು ಮುಟ್ಟಿ, ಮೂಸಿ ನೋಡಲು ಆಗುವುದಿಲ್ಲ. ಕಳಿಸುವವರ ಮೇಲಿನ ನಂಬಿಕೆಯಿಂದಲೇ ಹಣ ಹಾಕುತ್ತಾರೆ. ಸಣ್ಣ ವ್ಯಾಪಾರಿಯ ನಿಜವಾದ ಬಂಡವಾಳ ಆ ನಂಬಿಕೆ. ಫಾರ್ವರ್ಡ್‌ಗಳು ಅದನ್ನು ಬೆಳೆಸಲೂಬಹುದು, ಕೆಡಿಸಲೂಬಹುದು.

ನಂಬಿಕೆ 1: ಹೆಚ್ಚು ಜನರಿಗೆ ಹೋದಷ್ಟೂ ಹೆಚ್ಚು ವ್ಯಾಪಾರ

ವಾಸ್ತವ: ಸಾವಿರ ಜನರಿಗೆ ಮುಟ್ಟಿದ ಸಂದೇಶದಿಂದ ಸಾವಿರ ಗಿರಾಕಿಗಳು ಬರುವುದಿಲ್ಲ. ವಾಟ್ಸ್‌ಆ್ಯಪ್ ಕೂಡ ಇಂಥ ಸಂದೇಶಗಳಿಗೆ ಕಡಿವಾಣ ಹಾಕಿದೆ. ಭಾರತದಲ್ಲಿ 2018ರಿಂದ ಒಂದು ಫಾರ್ವರ್ಡ್ ಅನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸಬಹುದು. ಕೈಯಿಂದ ಕೈಗೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಇದಾದ ಮೇಲೆ ಹೀಗೆ ಅತಿಯಾಗಿ ಹರಿದಾಡುವ ಸಂದೇಶಗಳು ಸುಮಾರು 70% ಕಡಿಮೆಯಾದವು ಎಂದು ಕಂಪನಿ ಹೇಳಿತ್ತು.

ಜೋಡಿ ಬಾಣದ ಗುರುತು ಕಂಡವರಿಗೆ ‘ಇದು ಎಲ್ಲಿಂದಲೋ ಬಂದದ್ದು’ ಅನಿಸುವುದು ಸಹಜ. ನಿಮ್ಮ ಚಿಕ್ಕಮ್ಮ ಮಾಡಿದ ಹಪ್ಪಳಕ್ಕೂ ಅದೇ ಅನುಮಾನ ಅಂಟಿಕೊಳ್ಳುತ್ತದೆ. ಇನ್ನೊಂದು ತೊಂದರೆಯೂ ಇದೆ. ಫಾರ್ವರ್ಡ್‌ಗೆ ಕೊನೆ ಎಂಬುದಿಲ್ಲ. ಜೇನು ಮೇ ತಿಂಗಳಲ್ಲೇ ಖಾಲಿಯಾಗಿದ್ದರೂ ಮುಂದಿನ ಮಳೆಗಾಲದವರೆಗೆ ಫೋನ್ ಬರುತ್ತಲೇ ಇರುತ್ತದೆ. ‘ಇಲ್ಲ’ ಎಂದರೆ ಕೇಳಿದವರಿಗೆ ಬೇಸರ, ಹಳೆಯ ಬೆಲೆಗೇ ಕೊಡಿ ಎಂದರೆ ಮಾರುವವರಿಗೆ ನಷ್ಟ. ನಂಬರ್ ಒಂದನ್ನು ಬದಲಿಸಿ ಅದೇ ಫೋಟೊವನ್ನು ವಂಚಕರು ಬಳಸಿಕೊಳ್ಳುವುದೂ ಸುಲಭ.

ಇದಕ್ಕೆ ಹೋಲಿಸಿದರೆ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್ ಚಿಕ್ಕದು. ಒಂದು ಲಿಸ್ಟ್‌ಗೆ 256 ಜನ ಮಾತ್ರ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದು ಕೊರತೆಯಂತೆ ಕಂಡರೂ ಲಾಭವೇ ಹೆಚ್ಚು. ನಂಬರ್ ಸೇವ್ ಮಾಡಿಕೊಂಡವರು ಇನ್ನೊಮ್ಮೆ ಕೊಳ್ಳುವ ಮನಸ್ಸಿರುವವರು.

ನಂಬಿಕೆ 2: ಔಷಧ ಗುಣ ಬರೆದರೆ ಬೇಗ ಖರ್ಚಾಗುತ್ತದೆ

ವಾಸ್ತವ: ಮೊದಲ ಸಲ ಖರ್ಚಾಗಬಹುದು. ಆದರೆ ಇಲ್ಲಿ ಯಾರದೋ ಜೀವದ ಪ್ರಶ್ನೆ ಇದೆ.

ಜೇನಿನಲ್ಲಿ ಸುಮಾರು ಐದನೇ ನಾಲ್ಕು ಭಾಗ ಸಕ್ಕರೆಯ ಅಂಶವೇ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಜೇನಿನ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಗಳ ಪಟ್ಟಿಯಲ್ಲೇ ಇಟ್ಟಿದೆ. ಜೇನು ತಿಂದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ‘ಶುಗರ್‌ಗೆ ರಾಮಬಾಣ’ ಎಂದು ನಂಬಿದ ಹಿರಿಯರೊಬ್ಬರು ಮಾತ್ರೆ ಬಿಟ್ಟು ದಿನಾ ಎರಡು ಚಮಚ ಜೇನು ತಿಂದರೆ ಹಾನಿ ಖಚಿತ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಮಲೆನಾಡಿನ ಉಪ್ಪಾಗೆಯದೂ ಇದೇ ಕಥೆ. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರ ಜಗತ್ತಿನಾದ್ಯಂತ ನಡೆಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿದರು. ಉಪ್ಪಾಗೆ ಸಾರ ತೆಗೆದುಕೊಂಡವರಿಗೂ ಬರೀ ಹುಸಿ ಮಾತ್ರೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಸಾರವಿದ್ದ ಮಾತ್ರೆಗಳನ್ನು ನುಂಗಿದ ಕೆಲವರಿಗೆ ಯಕೃತ್ತಿನ ತೊಂದರೆಯಾದ ವರದಿಗಳೂ ಇವೆ. ಅಡುಗೆಗೆ ಹುಳಿಯಾಗಿ ಹಾಕುವ ಉಪ್ಪಾಗೆ ಬೇರೆ, ಬೊಜ್ಜಿನ ಔಷಧ ಎಂದು ಮಾರುವುದು ಬೇರೆ.

ಕಾನೂನೂ ಸ್ಪಷ್ಟವಾಗಿದೆ. ಮಧುಮೇಹ, ಕ್ಯಾನ್ಸರ್, ಬೊಜ್ಜು, ರಕ್ತದೊತ್ತಡ ಮುಂತಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಆಹಾರ ಪದಾರ್ಥವೊಂದು ರೋಗ ವಾಸಿ ಮಾಡುತ್ತದೆ ಎಂದು ಪ್ರಚಾರ ಮಾಡುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲೂ ಅವಕಾಶವಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ ಮಾತ್ರಕ್ಕೆ ಜಾಹೀರಾತು ಜಾಹೀರಾತಾಗದೆ ಉಳಿಯುವುದಿಲ್ಲ.

ನಂಬಿಕೆ 3: ನೀರಿಗೆ ಹಾಕಿ ನೋಡಿದರೆ ಅಸಲಿ ಜೇನು ಗೊತ್ತಾಗುತ್ತದೆ

ವಾಸ್ತವ: ಊರಿನ ಜೇನು ಕೃಷಿಕರಿಗೆ ತುಂಬಾ ಪೆಟ್ಟು ಕೊಡಬಲ್ಲ ಫಾರ್ವರ್ಡ್ ಇದು. ‘ಅಸಲಿ ಜೇನು ನೀರಿನ ತಳಕ್ಕೆ ಇಳಿಯುತ್ತದೆ, ನಕಲಿ ಕರಗುತ್ತದೆ. ಅಸಲಿ ಜೇನು ಸವರಿದ ಬೆಂಕಿಕಡ್ಡಿ ಹೊತ್ತಿಕೊಳ್ಳುತ್ತದೆ. ಅಸಲಿ ಜೇನು ಗಟ್ಟಿಯಾಗುವುದಿಲ್ಲ.’ ಮೂರೂ ತಪ್ಪು.

ನೀರಿನ ಪರೀಕ್ಷೆ ಜೇನು ಎಷ್ಟು ಮಂದವಾಗಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಮಂದವಾದ ಸಕ್ಕರೆ ಪಾಕವೂ ತಳಕ್ಕೆ ಇಳಿಯುತ್ತದೆ. ಕಡ್ಡಿಯ ಪರೀಕ್ಷೆಯಲ್ಲಿ ತಿಳಿಯುವುದು ತೇವಾಂಶ ಇದೆಯೋ ಇಲ್ಲವೋ ಎಂಬುದಷ್ಟೆ. ಮಲೆನಾಡಿನ ಗಾಳಿಯಲ್ಲೇ ತೇವ ಹೆಚ್ಚು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ನೊಣದ ತುಪ್ಪ ಸಾಮಾನ್ಯವಾಗಿ ತೆಳು. ಹಾಗಾಗಿ ನಮ್ಮೂರಿನ ಅಪ್ಪಟ ಜೇನು ಈ ಪರೀಕ್ಷೆಯಲ್ಲಿ ಸೋತು, ಕಾರ್ಖಾನೆಯಲ್ಲಿ ನೀರಿನಂಶ ತೆಗೆದು ಪಾಕ ಬೆರೆಸಿದ ಜೇನು ಗೆಲ್ಲಬಹುದು. ಇನ್ನು ಹರಳುಗಟ್ಟುವುದು ಜೇನಿನ ಸಹಜ ಗುಣ. ಅದರಲ್ಲಿರುವ ಗ್ಲೂಕೋಸ್ ಹರಳಾಗುತ್ತದೆ, ಅಷ್ಟೆ.

ಕಲಬೆರಕೆ ಪತ್ತೆ ಮಾಡಲು ಪ್ರಯೋಗಾಲಯವೇ ಬೇಕು. 2020ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಸಂಸ್ಥೆ ನಡೆಸಿದ ತನಿಖೆಯಲ್ಲಿ, ಮಾರುಕಟ್ಟೆಯ ಹಲವು ಜೇನುಗಳಿಗೆ ಸಕ್ಕರೆ ಪಾಕ ಬೆರೆತಿರುವುದು ಎನ್‌ಎಂಆರ್ ಎಂಬ ಮುಂದುವರಿದ ಪರೀಕ್ಷೆಯಲ್ಲಿ ಕಂಡುಬಂತು. ಪ್ರಯೋಗಾಲಯದ ಮಾಮೂಲಿ ಪರೀಕ್ಷೆಗಳನ್ನೇ ದಾಟಿ ಬಂದ ಕಲಬೆರಕೆ ಅಡುಗೆಮನೆಯ ಲೋಟದಲ್ಲಿ ಸಿಕ್ಕಿಬೀಳುವುದಿಲ್ಲ.

ಮಾರುವವರಿಗೂ ಇಲ್ಲೊಂದು ಪಾಠವಿದೆ. ಜೇನಿನಲ್ಲಿ ತೇವಾಂಶ 20% ಮೀರಬಾರದು ಎಂಬುದು ಸಾಮಾನ್ಯ ಮಾನದಂಡ. ಹೆಚ್ಚಾದರೆ ಹುಳಿ ಬಂದು ನೊರೆ ಏಳುತ್ತದೆ. ನೊಣಗಳು ಮೇಣದಿಂದ ಮುಚ್ಚಿದ ಎರಿಗಳಿಂದಷ್ಟೇ ಜೇನು ತೆಗೆಯುವುದು ಒಳ್ಳೆಯ ಅಭ್ಯಾಸ. ಅದನ್ನೇ ಒಂದು ನಿಮಿಷದ ವಿಡಿಯೊ ಮಾಡಿ ತೋರಿಸಿದರೆ ‘100% ಶುದ್ಧ’ ಎಂಬ ಮಾತಿಗಿಂತ ಹೆಚ್ಚು ನಂಬಿಕೆ ಹುಟ್ಟುತ್ತದೆ.

ನಂಬಿಕೆ 4: ಮನೆಯಲ್ಲಿ ಮಾಡಿದ್ದಕ್ಕೆ ನೋಂದಣಿ ಏಕೆ?

ವಾಸ್ತವ: ತೋಟದಲ್ಲಿ ಬೆಳೆದದ್ದನ್ನು ಇದ್ದ ಹಾಗೇ ಮಾರುವ ರೈತರಿಗೆ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಬೇಕಿಲ್ಲ. ಆದರೆ ಉಪ್ಪಿನಕಾಯಿ, ಹಪ್ಪಳ, ಕಾಫಿಪುಡಿ ಮಾಡಿ ಮಾರುವವರಿಗೆ ಬೇಕು, ಮನೆಯ ಅಡುಗೆಮನೆಯಲ್ಲಿ ಮಾಡಿದರೂ ಬೇಕು. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಇರುವವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ಸರಳ ನೋಂದಣಿಯ ದಾರಿ ಮಾಡಿಕೊಟ್ಟವು. ನೋಂದಾಯಿಸಿದವರಿಗೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಅದು ನಿಜವೇ ಎಂದು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ದೂರದ ಗಿರಾಕಿಗೆ ಇದಕ್ಕಿಂತ ಅಗ್ಗದ ಭರವಸೆ ಇನ್ನೊಂದಿಲ್ಲ. ಹೋಂಸ್ಟೇಗಳಿಗೂ ಪ್ರವಾಸೋದ್ಯಮ ಇಲಾಖೆಯ ನೋಂದಣಿ ವ್ಯವಸ್ಥೆ ಇದೆ.

ನಂಬಿಕೆ 5: ಹಣ ಬರಬೇಕಾದರೆ ಕ್ಯೂಆರ್ ಸ್ಕ್ಯಾನ್ ಮಾಡಬೇಕು

ವಾಸ್ತವ: ನಂಬರ್ ಎಲ್ಲೆಡೆ ಹರಿದಾಡಿದರೆ ವಂಚಕರ ಕೈಗೂ ಸಿಗುತ್ತದೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ದೊಡ್ಡ ಆರ್ಡರ್ ಕೊಡುವುದು, ‘ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವುದು ದೇಶದಾದ್ಯಂತ ನಡೆದಿರುವ ಮೋಸ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಖಾತೆಯ ಹಣ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ?

ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 2021ರಲ್ಲಿ, ಕೊರೊನಾ ಕಾಲದಲ್ಲಿ, ಬಾಳೆಕಾಯಿಗೆ ಬೆಲೆ ಇಲ್ಲದಾಗ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳಲ್ಲಿ ಬಾಳೆಕಾಯಿ ಒಣಗಿಸಿ ಹುಡಿ ಮಾಡುವುದು ಶುರುವಾಯಿತು. ‘ಬಾಳೆಕಾಯಿ ಹುಡಿ’ಯೇ ಚಿಕ್ಕದಾಗಿ ‘ಬಾಕಾಹು’ ಆಯಿತು. ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅವರು ಇದಕ್ಕೆ ಬೆನ್ನೆಲುಬಾದರು. ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹುಡಿ ಮಾಡುವ ಕ್ರಮ ಹರಿದಾಡಿತು. ಮಹಿಳೆಯರು ಅದರಿಂದ ಮಾಡಿದ ದೋಸೆ, ಗುಲಾಬ್ ಜಾಮೂನಿನ ಫೋಟೊಗಳನ್ನು ಹಾಕಿದರು. ಅದೇ ಜುಲೈ 25ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೂ ಇದನ್ನು ಪ್ರಸ್ತಾಪಿಸಿದರು.

ಇಲ್ಲಿ ಹರಡಿದ್ದು ಏನು ಎಂಬುದನ್ನು ಗಮನಿಸಿ. ಹೇಗೆ ಮಾಡುವುದು, ಏನೇನು ತಿಂಡಿ ಆಗುತ್ತದೆ, ನಮ್ಮ ಮನೆಯಲ್ಲಿ ಹೀಗಾಯಿತು ಎಂಬ ಮಾಹಿತಿ. ಓದಿದವರು ತಾವೇ ಮಾಡಿ ನೋಡಬಹುದಿತ್ತು, ಕೊಂಡೂ ನೋಡಬಹುದಿತ್ತು. ಯಾವ ಕಾಯಿಲೆಯ ಭಯವನ್ನೂ ಹುಟ್ಟಿಸಬೇಕಾಗಲಿಲ್ಲ.

ಮೊದಲು ಹೇಳಿದ ಜೇನಿನ ಸಂದೇಶವನ್ನು ಹೀಗೆ ಬರೆದರೆ ಹೇಗಿರುತ್ತದೆ? ‘ತುಡುವೆ ಜೇನು. ಕೊಪ್ಪ ತಾಲ್ಲೂಕಿನ ನಮ್ಮ ತೋಟದ ಪೆಟ್ಟಿಗೆಗಳಿಂದ ಈ ಏಪ್ರಿಲ್‌ನಲ್ಲಿ ತೆಗೆದದ್ದು. ತೆಳುವಾಗಿರುತ್ತದೆ, ಚಳಿಗೆ ಹರಳುಗಟ್ಟಬಹುದು. ಅರ್ಧ ಕೆಜಿಗೆ ಬೆಲೆ ಇಷ್ಟು, ಅಂಚೆ ವೆಚ್ಚ ಬೇರೆ. ಇರುವುದು 20 ಬಾಟಲಿ. ಮೇ 31ರವರೆಗೆ ಮಾತ್ರ. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ.’ ಜೊತೆಗೆ ಹೆಸರು, ಊರು, ಇದ್ದರೆ ನೋಂದಣಿ ಸಂಖ್ಯೆ. ಇದರಲ್ಲಿ ಸುಳ್ಳಿಲ್ಲ, ಗಡುವಿದೆ, ಗಿರಾಕಿ ಮುಂದೆ ಕೇಳಬಹುದಾದ ಪ್ರಶ್ನೆಗೆ ಮೊದಲೇ ಉತ್ತರವಿದೆ. ಹರಳುಗಟ್ಟಿದಾಗ ಆತ ‘ಮೋಸ ಹೋದೆ’ ಎನ್ನದೆ ‘ಅವರು ಹೇಳಿದ್ದರು’ ಎನ್ನುತ್ತಾನೆ. ಮುಂದಿನ ವರ್ಷವೂ ಅವರಲ್ಲೇ ಕೇಳುತ್ತಾನೆ.

ಫಾರ್ವರ್ಡ್ ಒತ್ತುವ ಮುನ್ನ

ಊರಿನವರ ವ್ಯಾಪಾರದ ಸಂದೇಶ ಬಂದರೆ ಮೂರು ವಿಷಯ ನೋಡಿ.

1. ಮಾರುವವರ ಹೆಸರು, ಊರು, ತಾರೀಖು ಇದೆಯೇ? ಇಲ್ಲದಿದ್ದರೆ ಆ ನಂಬರಿಗೆ ಒಮ್ಮೆ ಫೋನ್ ಮಾಡಿ ಕೇಳಿ.

2. ಯಾವುದಾದರೂ ಕಾಯಿಲೆ ವಾಸಿಯಾಗುತ್ತದೆ ಎಂದಿದೆಯೇ? ಇದ್ದರೆ ಮುಂದಕ್ಕೆ ಕಳಿಸಬೇಡಿ. ಪರಿಚಯದವರಾದರೆ ಆ ಸಾಲು ತೆಗೆಯಲು ಪ್ರೀತಿಯಿಂದಲೇ ಹೇಳಿ.

3. ಈ ವಸ್ತುವನ್ನು ನೀವು ಕೊಂಡು, ತಿಂದು ನೋಡಿದ್ದೀರಾ? ನೋಡಿದ್ದರೆ ಫಾರ್ವರ್ಡ್ ಬಿಟ್ಟು ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ. ‘ಹೋದ ತಿಂಗಳು ತರಿಸಿದ್ದೆ, ಹಪ್ಪಳ ಚೆನ್ನಾಗಿತ್ತು, ಎರಡು ಮಾತ್ರ ಮುರಿದಿತ್ತು’ ಎಂಬ ನಿಮ್ಮ ಮಾತನ್ನು ನಿಮ್ಮ ಅಕ್ಕ, ಭಾವ, ಆಫೀಸಿನ ಗೆಳೆಯರು ನಂಬುತ್ತಾರೆ. ಜೋಡಿ ಬಾಣದ ಗುರುತೂ ಅದರ ಮೇಲೆ ಇರುವುದಿಲ್ಲ.

ಸುಳ್ಳು ಸೇರಿಸಿ ನೂರು ಜನರಿಗೆ ಕಳಿಸುವುದಕ್ಕಿಂತ, ನಿಜ ಹೇಳಿ ಹತ್ತು ಜನರಿಗೆ ಕಳಿಸಿದರೆ ಊರಿನ ಆ ಕುಟುಂಬಕ್ಕೆ ಹೆಚ್ಚು ಸಹಾಯವಾಗುತ್ತದೆ.