ಆಲೂಗಡ್ಡೆಯ ಹೊಲದಲ್ಲಿ ಅಂಗಮಾರಿ

ರುದ್ರಪಟ್ಟಣವೆಂದೊಡನೆ ಪೇಟೆಯ ಜನರಿಗೆ ಮೊದಲು ನೆನಪಾಗುವುದು ಸಂಗೀತ. ಕಾವೇರಿಯ ದಡದ ಆ ಪುಟ್ಟ ಊರು ತಲೆಮಾರುಗಳಿಂದ ನಾಡಿಗೆ ವಿದ್ವಾಂಸರನ್ನು ಕೊಟ್ಟಿದೆ, ವಿದ್ವಾನ್ ಆರ್. ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಕಟ್ಟಿಸಿದ ಸಪ್ತಸ್ವರಗಳ ಮಂದಿರವನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಆದರೆ ಹೊಳೆಯ ದಂಡೆಯ ಗದ್ದೆಗಳನ್ನು ಬಿಟ್ಟು ಏರಿನ ಕೆಮ್ಮಣ್ಣಿನ ಹೊಲಗಳ ಕಡೆಗೆ ನಡೆದರೆ ಬೇರೊಂದು ಲೋಕ ಎದುರಾಗುತ್ತದೆ. ಅರಕಲಗೂಡು ತಾಲ್ಲೂಕಿನ ಈ ಸೀಮೆಯಲ್ಲಿ ರಾಗಿ, ಹೊಗೆಸೊಪ್ಪುಗಳ ಜೊತೆಗೆ ಮನೆಯ ಸಾಲವನ್ನು ತೀರಿಸಬಲ್ಲ ಬೆಳೆಯೆಂದು ರೈತನು ನಂಬಿದ್ದ ಇನ್ನೊಂದು ಬೆಳೆಯುಂಟು. ಅದೇ ಆಲೂಗಡ್ಡೆ.

ಉತ್ತರ ಹಿಂದೂಸ್ಥಾನದ ಬಯಲಿನಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ. ಹಾಸನದಲ್ಲಿ ಹಾಗಲ್ಲ. ಬಡವರ ಊಟಿಯೆಂದು ಹೆಸರು ಪಡೆದ ಈ ಜಿಲ್ಲೆಯ ತಂಪು ಹವೆಯನ್ನು ನೆಚ್ಚಿ, ಕೃತ್ತಿಕೆ ರೋಹಿಣಿ ಮಳೆಗಳಲ್ಲಿ ನೆಟ್ಟು, ಮೂರು ತಿಂಗಳು ತುಂಬುವುದರೊಳಗೆ ಅಗೆದು, ಅದೇ ನೆಲದಲ್ಲಿ ಮತ್ತೊಂದು ಬೆಳೆಯನ್ನು ತೆಗೆಯುವುದು ಇಲ್ಲಿಯ ರೂಢಿ. ಬಿತ್ತನೆಯ ಗಡ್ಡೆ ಬರುವುದು ದೂರದ ಪಂಜಾಬಿನಿಂದ. ಅಲ್ಲಿ ಚಳಿಗಾಲದಲ್ಲಿ ಬೆಳೆದು ಶೀತಲಗೃಹದಲ್ಲಿ ಕಾಪಿಟ್ಟ ಗಡ್ಡೆಯ ಮೂಟೆಗಳು ಮೇ ತಿಂಗಳ ಹೊತ್ತಿಗೆ ಹಾಸನದ ಮಾರುಕಟ್ಟೆಯ ಪ್ರಾಂಗಣದಲ್ಲಿ ಬಂದಿಳಿಯುತ್ತವೆ. ಎಕರೆಗೆ ಐದಾರು ಕ್ವಿಂಟಾಲು ಬಿತ್ತನೆ ಬೇಕಾಗುವುದರಿಂದ ಒಟ್ಟು ಖರ್ಚಿನ ಬಹು ದೊಡ್ಡ ಪಾಲು ಮೊಳಕೆ ನೆಲದಿಂದ ಮೇಲೇಳುವ ಮೊದಲೇ ಕೈಬಿಟ್ಟು ಹೋಗಿರುತ್ತದೆ. ರಾಗಿ ಬಿತ್ತಿ ಕಳೆದುಕೊಂಡವನು ಬೀಜವನ್ನು ಕಳೆದುಕೊಳ್ಳುತ್ತಾನೆ. ಆಲೂಗಡ್ಡೆ ನೆಟ್ಟು ಕಳೆದುಕೊಂಡವನು ಹೆಂಡತಿಯ ಕೊರಳಿನ ಸರವನ್ನೂ ಕಳೆದುಕೊಳ್ಳಬಹುದು.

ಈ ಬೆಳೆಗೆ ಶತ್ರುವಾಗಿ ನಿಂತಿರುವ ರೋಗಕ್ಕೆ ಕನ್ನಡದ ರೈತನು ಇಟ್ಟ ಹೆಸರು ಅಂಗಮಾರಿ. ವಿಜ್ಞಾನಿಗಳ ಹೆಸರು ಎಷ್ಟೇ ಉದ್ದವಾಗಿರಲಿ, ಇದರಷ್ಟು ಸರಿಯಾಗಿ ಒಪ್ಪುವುದಿಲ್ಲ. ಪುನರ್ವಸು ಪುಷ್ಯ ಮಳೆಗಳ ಕಾಲ. ಗಿಡಗಳಿಗೆ ನಾಲ್ವತ್ತು ಐವತ್ತು ದಿನ ತುಂಬಿ ಹೊಲ ಹಸುರಾಗಿ ನಿಂತಿರುತ್ತದೆ. ಸೂರ್ಯನ ಮುಖ ಕಾಣದೆ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿಯುತ್ತದೆ. ಒಂದು ಬೆಳಗ್ಗೆ ಎಲೆಯ ಅಂಚಿನಲ್ಲಿ ಬಿಸಿನೀರು ತಾಗಿದಂತೆ ಕಂದು ಮಚ್ಚೆ ಕಾಣುತ್ತದೆ. ಎಲೆಯನ್ನು ಮಗುಚಿ ನೋಡಿದರೆ ಮಚ್ಚೆಯ ಸುತ್ತ ಹಿಟ್ಟು ಉದುರಿಸಿದಂಥ ಬಿಳಿಯ ಬೂಷ್ಟು. ಆ ಬಿಳುಪಿನಲ್ಲಿಯೇ ರೋಗದ ಸಂತಾನವಿರುವುದು. ಗಾಳಿಯಲ್ಲಿ ಹಾರಿ ಬೇರೆಲೆಯ ಮೇಲೆ ಕುಳಿತ ಕಣವು ಅಲ್ಲಿಯ ನೀರಿನ ಪದರದಲ್ಲಿ ಒಡೆದು, ಈಜಬಲ್ಲ ಹಲವು ಮರಿಗಳನ್ನು ಬಿಡುತ್ತದೆ. ಅವು ಎಲೆಯೊಳಗೆ ಇಳಿದು, ಹವೆ ಅನುಕೂಲವಾದರೆ ಕೆಲವೇ ದಿನಗಳಲ್ಲಿ ಹೊಸ ಬೂಷ್ಟನ್ನು ಹೊರಚಾಚುತ್ತವೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಹೊಲ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಮಲಗುತ್ತದೆ, ನಾರತೊಡಗುತ್ತದೆ. ಮಳೆಯೊಡನೆ ಮಣ್ಣಿಗೆ ಇಳಿದ ಕಣಗಳು ಗಡ್ಡೆಯನ್ನೂ ಬಿಡುವುದಿಲ್ಲ. ಅಗೆದಾಗ ನೆಟ್ಟಗೆ ಕಂಡ ಗಡ್ಡೆ ಚೀಲದೊಳಗೆ ಕೊಳೆತು ನೀರಾಗುತ್ತದೆ.

ಈ ಮಾರಿಯ ಚರಿತ್ರೆ ದೊಡ್ಡದು. 1845ರಲ್ಲಿ ಇದು ಐರ್ಲೆಂಡನ್ನು ಹೊಕ್ಕಿತು. ಅಲ್ಲಿಯ ಬಡವರಿಗೆ ಆಲೂಗಡ್ಡೆಯೊಂದೇ ಅನ್ನವಾಗಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು, ಅಷ್ಟೇ ಜನ ದೇಶಬಿಟ್ಟು ಹಡಗು ಹತ್ತಿದರು. ಗಾಳಿಯ ದೋಷವೆಂದು ಕೆಲವರು, ದೇವರ ಕೋಪವೆಂದು ಕೆಲವರು ಹೇಳಿದರು. ಶಿಲೀಂಧ್ರದಂಥ ಜೀವಿಯೊಂದೇ ಇದಕ್ಕೆ ಕಾರಣವೆಂದು ಜರ್ಮನಿಯ ಆಂಟನ್ ಡಿ ಬಾರಿ ಪ್ರಯೋಗಮಾಡಿ ತೋರಿಸಿದ್ದು 1861ರಲ್ಲಿ.

ಇದರ ದಾಯಾದಿಯೊಂದು ಕನ್ನಡಿಗರಿಗೆ ಹಿಂದಿನಿಂದಲೂ ಪರಿಚಿತ. ಮಲೆನಾಡಿನ ಅಡಕೆಯ ಕೊಳೆರೋಗವನ್ನು ಉಂಟುಮಾಡುವುದೂ ಇದೇ ಕುಲದ ಜೀವಿ. 1908ರಲ್ಲಿ ಮೈಸೂರು ಸರಕಾರದ ಕೆಲಸಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅಡಕೆ ತೋಟಗಳಲ್ಲಿ ಆ ರೋಗವನ್ನು ಅಭ್ಯಾಸಮಾಡಿ, 1910ರಲ್ಲಿ ಅದರ ಕಾರಣವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣ ಎಂಬ ಎರಡು ಅಗ್ಗದ ಪದಾರ್ಥಗಳ ಆ ನೀಲಿ ನೀರು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ 1885ರಲ್ಲಿ ಲೋಕಕ್ಕೆ ಬಂದದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆಬೇರೆಯಾಗಿ, ಕಬ್ಬಿಣವಲ್ಲದ ಪಾತ್ರೆಯಲ್ಲಿ ಕರಗಿಸಿ ಬೆರಸಬೇಕು. ಬೆರಸಿದ ನೀರಿನಲ್ಲಿ ಉಜ್ಜಿದ ಚಾಕುವನ್ನು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಇದು ಓದುಬರಹ ಬಾರದವನೂ ಮಾಡಬಲ್ಲ ಪರೀಕ್ಷೆ.

ಆದರೆ ಔಷಧವಿದ್ದೂ ಹಾಸನದ ಹೊಲ ಉಳಿಯಲಿಲ್ಲವೇಕೆ? ಕಾರಣ ಒಂದಲ್ಲ. ಬೋರ್ಡೋ ಮೊದಲಾದ ಔಷಧಗಳು ಬಾಗಿಲಿಗೆ ಹಾಕುವ ಅಗುಳಿಯಂತೆ. ಕಳ್ಳ ಒಳಹೊಕ್ಕ ಮೇಲೆ ಹಾಕಿ ಪ್ರಯೋಜನವಿಲ್ಲ. ಮಚ್ಚೆ ಕಾಣುವ ಮುನ್ನವೇ, ಮೋಡ ಮುಸುಕಿದೊಡನೆಯೇ, ಎಲೆಯ ತಳಕ್ಕೂ ತಾಗುವಂತೆ ಸಿಂಪಡಿಸಬೇಕು. ಕೈಯಲ್ಲಿ ಕಾಸಿಲ್ಲದವನು ರೋಗವನ್ನು ಕಣ್ಣಾರೆ ಕಾಣದೆ ಔಷಧಕ್ಕೆ ಹಣ ಹಾಕಲು ಹಿಂಜರಿಯುವುದು ಸಹಜ. ಅವನನ್ನು ಅಜ್ಞಾನಿಯೆಂದು ಹಳಿಯುವವರು ಒಮ್ಮೆ ಅವನ ಲೆಕ್ಕದ ಪುಸ್ತಕವನ್ನು ನೋಡಬೇಕು. ಇನ್ನು ತಳಿಯ ಮಾತು. ಸಿಮ್ಲೆಯ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು 1968ರಲ್ಲಿ ಕೊಟ್ಟ ಕುಫ್ರಿ ಜ್ಯೋತಿ ತಳಿಯನ್ನು ಹಾಸನ ಮನಸಾರೆ ಅಪ್ಪಿಕೊಂಡಿತು. ಆರಂಭದಲ್ಲಿ ಅದು ಅಂಗಮಾರಿಯನ್ನು ತಡೆಯುತ್ತಿತ್ತು. ವರ್ಷಗಳುರುಳಿದಂತೆ ರೋಗವು ಆ ಬೀಗಕ್ಕೆ ಕೀಲಿಕೈ ಮಾಡಿಕೊಂಡಿತು. ಇದರ ಮೇಲೆ, ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ, ಯುರೋಪಿನಲ್ಲಿ ಪ್ರಬಲವಾಗಿದ್ದ ರೋಗಾಣುವಿನ ಹೊಸ ವಂಶವೊಂದು ದಕ್ಷಿಣ ಭಾರತಕ್ಕೆ ಕಾಲಿಟ್ಟು ಹಳೆಯದನ್ನು ಮೂಲೆಗೊತ್ತಿತು. ಎಲೆಯ ಒಳಗಿಳಿದು ಕೆಲಸಮಾಡುತ್ತಿದ್ದ ಮೆಟಲಾಕ್ಸಿಲ್ ಔಷಧಕ್ಕೂ ಅದು ಜಗ್ಗಲಿಲ್ಲ. ಟೊಮ್ಯಾಟೊ ತೋಟಗಳೂ ಅದರ ಬಾಯಿಗೆ ಬಿದ್ದವು. ಆಲೂಗಡ್ಡೆಯೂ ಟೊಮ್ಯಾಟೊವೂ ಒಂದೇ ಬಳಗದ ಗಿಡಗಳಷ್ಟೆ.

ಹತ್ತಾರು ಸಾವಿರ ಹೆಕ್ಟೇರುಗಳಲ್ಲಿ ಹರಡಿದ್ದ ಹಾಸನದ ಆಲೂಗಡ್ಡೆ ಹೀಗೆ ಕುಗ್ಗುತ್ತ ಬಂದಿತು. ಸೋತ ರೈತರಲ್ಲಿ ಕೆಲವರು ಶುಂಠಿಗೆ ತಿರುಗಿದರು, ಬಹುಮಂದಿ ಮುಸುಕಿನ ಜೋಳಕ್ಕೆ. ಜೋಳಕ್ಕೆ ಖರ್ಚು ಕಡಮೆ, ಗೊಂದಲ ಕಡಮೆ ಎಂಬ ಸಮಾಧಾನವೂ ಹೆಚ್ಚು ಕಾಲ ಬಾಳಲಿಲ್ಲ. ಅಮೆರಿಕದ ಮೂಲದ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಕಂಡದ್ದು 2018ರಲ್ಲಿ, ಅದೂ ಕರ್ನಾಟಕದ ಜೋಳದ ಹೊಲಗಳಲ್ಲಿ. ಸುಳಿಯೊಳಗೆ ಅಡಗಿ ಕುಳಿತು ತಿನ್ನುವ ಈ ಹುಳುವಿಗೆ ಹೊರಗೆ ಚೆಲ್ಲಿದ ಔಷಧ ತಾಗುವುದೇ ಕಷ್ಟ.

ಜೋಳದ ಕಥೆ ಹೊಲದಲ್ಲಿಯೇ ಮುಗಿಯುವುದಿಲ್ಲ. ಅದು ಪೇಟೆಯ ಮನೆಗಳ ಅಡಿಗೆಮನೆಗೂ ಬರುತ್ತದೆ. ಕೊಯ್ಲಿನಲ್ಲಿ ಮಳೆ ಹಿಡಿದು ತೆನೆ ಒಣಗದಿದ್ದರೆ ಕಾಳಿಗೆ ಬೂಷ್ಟು ಹತ್ತುತ್ತದೆ. ಕೆಲವು ಬೂಷ್ಟುಗಳು ವಿಷವನ್ನು ಕಾರುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅವಕ್ಕೆ ತಿನ್ನಿಸಿದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. 1966ರಲ್ಲಿ ಮೈಸೂರು ರಾಜ್ಯದ ಕೋಳಿಮರಿಗಳೂ ಇದಕ್ಕೆ ಬಲಿಯಾದವು. 1974ರಲ್ಲಿ ರಾಜಸ್ಥಾನ ಗುಜರಾತುಗಳ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಮುಸುಕಿನ ಜೋಳವನ್ನು ಉಂಡ ಬಡವರು ಕಾಮಾಲೆಯಾಗಿ ಸತ್ತರು. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಸೀಮೆಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳದ ರೊಟ್ಟಿಯನ್ನು ತಿಂದವರಿಗೆ ಹೊಟ್ಟೆನೋವು, ಭೇದಿ ಹಿಡಿಯಿತು. ಆ ವಿಷ ಬೇರೆ, ಫ್ಯುಮೋನಿಸಿನ್ ಎಂಬುದು. ಆ ಧಾನ್ಯವನ್ನು ಬಿಟ್ಟೊಡನೆ ಜನ ಚೇತರಿಸಿಕೊಂಡರು.

ಬೂಷ್ಟನ್ನು ಕೆರೆದು, ಬಿಸಿಲಿಗೆ ಹಾಕಿ, ಚೆನ್ನಾಗಿ ಬೇಯಿಸಿದರೆ ದೋಷವೆಲ್ಲ ಹೋಯಿತೆಂದು ಹಲವು ಮನೆಗಳಲ್ಲಿ ನಂಬಿಕೆಯುಂಟು. ಬೂಷ್ಟು ಹೋಗಬಹುದು, ಅಫ್ಲಾಟಾಕ್ಸಿನ್ ಒಲೆಯ ಬಿಸಿಗೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ ಧಾನ್ಯ ಮನುಷ್ಯರಿಗೆ ಬೇಡವೆಂದು ಹಸುವಿನ ಮುಂದೆ ಸುರಿಯುವುದೂ ತಪ್ಪೇ, ಏಕೆಂದರೆ ಅದರ ಅಂಶ ರೂಪಾಂತರವಾಗಿ ಹಾಲಿನಲ್ಲಿ ಮರಳಿ ಬರುತ್ತದೆ. ಕಾನೂನು ಧಾನ್ಯದಲ್ಲಿ ಕಿಲೋ ಒಂದಕ್ಕೆ 15 ಮೈಕ್ರೋಗ್ರಾಮಿನವರೆಗೆ ಸಹಿಸಿದರೆ, ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚನ್ನು ಸಹಿಸದು. ಕಡಲೆಕಾಯಿ ಬೀಜವನ್ನು ಮೊರದಲ್ಲಿ ಹರವಿ, ಸುಕ್ಕಿದ, ಬಣ್ಣಗೆಟ್ಟ, ಒಡೆದ ಕಾಳುಗಳನ್ನು ಆರಿಸಿ ಎಸೆಯುತ್ತಿದ್ದ ಅಜ್ಜಿಯರ ಪದ್ಧತಿಗೆ ಇಂದಿನ ಪ್ರಯೋಗಶಾಲೆಗಳೂ ತಲೆದೂಗುತ್ತವೆ. ವಿಷದ ಬಹುಪಾಲು ಸೇರಿಕೊಂಡಿರುವುದು ಅಂಥ ಕಾಳುಗಳಲ್ಲಿಯೇ.

ಆಲೂಗಡ್ಡೆಯನ್ನು ಹಾಸನ ಪೂರ್ತಿಯಾಗಿ ಕೈಬಿಟ್ಟಿಲ್ಲ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದ ಸುತ್ತ ಈಚಿನ ವರ್ಷಗಳಲ್ಲಿ ಹೊಸದೊಂದು ಕ್ರಮ ಬೇರೂರುತ್ತಿದೆ. ರೋಗವಿಲ್ಲದ ತಾಯಿಗಿಡದ ಕುಡಿಗಳನ್ನು ಚಿವುಟಿ, ಬೇರು ಬರಿಸಿ, ಟೊಮ್ಯಾಟೊ ಸಸಿಯ ಹಾಗೆ ರೈತನಿಗೆ ಕೊಡುವುದು; ಅವನು ಅದರಿಂದ ತನ್ನ ಬಿತ್ತನೆ ಗಡ್ಡೆಯನ್ನು ತಾನೇ ಬೆಳೆದುಕೊಳ್ಳುವುದು. ಪೆರು ದೇಶದ ಲಿಮಾ ನಗರದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೂ ಇದಕ್ಕೆ ಕೈಗೂಡಿಸಿದೆ. ಅಂಗಮಾರಿಯನ್ನು ಕುಫ್ರಿ ಜ್ಯೋತಿಗಿಂತ ಮಿಗಿಲಾಗಿ ತಾಳುವ ಕುಫ್ರಿ ಹಿಮಾಲಿನಿಯಂಥ ತಳಿಗಳೂ ಹೀಗೆ ಹೊಲವನ್ನು ಸೇರುತ್ತಿವೆ. ಸಾಲುಗಳಿಗೆ ಮಣ್ಣನ್ನು ಎತ್ತರವಾಗಿ ಏರಿಸುವುದು, ಅಗೆಯುವುದಕ್ಕೆ ಎಂಟು ಹತ್ತು ದಿನ ಮೊದಲೇ ಗಿಡವನ್ನು ಕೊಯ್ದು ಹೊಲದಿಂದಾಚೆಗೆ ಸಾಗಿಸುವುದು ಮುಂತಾದ, ಕಾಸು ಬೇಡದ ಕೆಲಸಗಳೂ ಗಡ್ಡೆಯನ್ನು ಉಳಿಸುತ್ತವೆ. ಆದರೂ ಪುನರ್ವಸು ಮಳೆ ಹಿಡಿದೊಡನೆ ಅರಕಲಗೂಡಿನ ಕಡೆಯ ರೈತನು ಬೆಳಗ್ಗೆ ಎದ್ದು ಮೊದಲು ಹೊಲಕ್ಕೇ ಹೋಗಿ, ಬಗ್ಗಿ, ಎಲೆಯ ಹಿಂಬದಿಯನ್ನು ನೋಡುತ್ತಾನೆ.