ಪೇಟಿಯ ಮುಂದೆ ಕೂತವರ ಹೆಸರನ್ನೂ ಬರೆಯಿರಿ

ನಿಮ್ಮಲ್ಲಿ ಒಂದು ಕೆಲಸ ಬೇಡಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಅಪ್ಪ, ಅಜ್ಜ, ಕಾಕಾ ಕೂಡಿಟ್ಟ ಕ್ಯಾಸೆಟ್ಟುಗಳಿದ್ದರೆ ಈ ಮಳೆಗಾಲ ಹಿಡಿಯುವ ಮೊದಲು ಕೆಳಗಿಳಿಸಿ. ಅಂಗಡಿಯಲ್ಲಿ ಕೊಂಡು ತಂದವನ್ನು ಕುರಿತು ಹೇಳುತ್ತಿಲ್ಲ. ಗಣಪತಿ ಪೆಂಡಾಲಿನಲ್ಲಿ, ಮಠದ ಜಾತ್ರೆಯಲ್ಲಿ, ಯಾರದೋ ಮನೆಯ ಪಡಸಾಲೆಯ ಬೈಠಕ್ಕಿನಲ್ಲಿ ತಾವೇ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡವು ಇರುತ್ತವಲ್ಲ, ಅವು.

ನನ್ನ ಗೆಳೆಯ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಹಗಲೆಲ್ಲ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ, ರಾತ್ರಿ ಕಛೇರಿಗಳಲ್ಲಿ ಸಾಥ್ ನುಡಿಸುತ್ತಿದ್ದ. ಊರಿಗೆಲ್ಲ ಪೇಟಿ ಮಾಸ್ತರ. ದಿನಕರ್ಮಗಳು ಮುಗಿದ ಸಂಜೆ ಅವನ ಮಗಳು ಕೇಳಿದಳು: “ಕಾಕಾ, ಅಪ್ಪಾ ನುಡಿಸಿದ್ದು ಎಲ್ಲಿ ಸಿಗತೈತ್ರಿ?” “ಎಷ್ಟ್ ಬೇಕ ಅಷ್ಟ್ ಐತಿ, ನನ್ನ ಕಡೆನ ಐತಿ ತಂಗಿ” ಎಂದು ಧೈರ್ಯವಾಗಿ ಹೇಳಿ ಮನೆಗೆ ಬಂದೆ.

ನನ್ನಲ್ಲಿ ಅರವತ್ತೆರಡು ಕ್ಯಾಸೆಟ್ಟುಗಳಿವೆ. ಒಂದೊಂದರ ಮೇಲೂ ಗಾಯಕರ ಹೆಸರು, ರಾಗ, ಊರು, ತಾರೀಕು, ಎಲ್ಲವೂ ನನ್ನ ಅಕ್ಷರದಲ್ಲೇ ಇವೆ. ಸಾಥ್ ಯಾರದು ಎಂದು ಒಂದರ ಮೇಲೂ ಇಲ್ಲ. ಅವನ ಮಗ್ಗುಲಲ್ಲೇ ಕೂತು ಹಿಡಿದವುಗಳ ಮೇಲೂ ಇಲ್ಲ. ಆಗ ಬರೆಯುವುದು ಬೇಕೆಂದೇ ಅನ್ನಿಸಿರಲಿಲ್ಲ. ಅವನು ಅಲ್ಲೇ ಇದ್ದನಲ್ಲ.

ಆ ಅರವತ್ತೆರಡನ್ನೂ ಕೇಳಿದೆ. ಹನ್ನೊಂದರಲ್ಲಿ ಅವನು ಸಿಕ್ಕ. ಸಮಕ್ಕೆ ಬರುವ ಮುನ್ನ ಮೆಲ್ಲಗೆ ‘ಹಾಂ’ ಎನ್ನುವ ಅಭ್ಯಾಸ ಅವನಿಗಿತ್ತು, ಅದರಿಂದ ಗುರುತಿಸಿದೆ. ಇನ್ನೊಂದು ಗುರುತೂ ಇತ್ತು. ಗಾಯಕರು ಉಸಿರು ತೆಗೆದುಕೊಳ್ಳುವಾಗ ಆ ತೆರವನ್ನು ಸ್ವರಗಳಿಂದ ತುಂಬುವ ಪೇಟಿಯವರು ಬಹಳ ಜನ. ಅವನು ಒಂದೇ ಸ್ವರವನ್ನು ಹಿಡಿದು ತಿದಿಯನ್ನು ನಿಧಾನ ಮಾಡಿಬಿಡುತ್ತಿದ್ದ. ಹಾಡಿದವರು ಬಿಟ್ಟ ಜಾಗ ಬಿಟ್ಟಂತೆಯೇ ಉಳಿಯುತ್ತಿತ್ತು. ನನಗೆ ಅವನ ಕಲೆಯೆಲ್ಲ ಅಲ್ಲೇ ಇತ್ತೆನಿಸುತ್ತದೆ.

ಅವನ ಅಂಗಡಿಯಲ್ಲಿ ಕೂತು ನೋಡಿದ್ದನ್ನೂ ಹೇಳಬೇಕು. ಪೇಟಿಯ ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳಿರುತ್ತವೆ, ರೀಡು ಎನ್ನುತ್ತಾರೆ. ಗುಜರಾತಿನ ಪಾಲಿತಾಣಾದಿಂದ ಬಂದ ರೀಡುಗಳೆಂದರೆ ಅವನ ಮುಖ ಅರಳುತ್ತಿತ್ತು. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚು ಕೆರೆದರೂ ಹೋಯಿತು. ಯಂತ್ರದಲ್ಲಿ ಸಮನಾಗಿ ಹಂಚಿ ಕೂಡಿಸಿದ ಪೇಟಿಯ ಗಾಂಧಾರ ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ. ಅದನ್ನು ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದ. ಯಾರ ಷಡ್ಜ ಯಾವ ಮನೆಯದು ಎಂದು ನೆನಪಿಟ್ಟು, ಅವರ ಕಛೇರಿಗೆಂದೇ ತನ್ನ ಪೇಟಿಯ ಗಾಂಧಾರವನ್ನು ಬುಡದಲ್ಲಿ ಕೆರೆದು ಇಳಿಸುತ್ತಿದ್ದ. ಹಾಡುವವರಿಗೆ ಅದು ಗೊತ್ತಾಗುತ್ತಿತ್ತೋ ಇಲ್ಲವೋ, ಅವನಂತೂ ಯಾರಿಗೂ ಹೇಳುತ್ತಿರಲಿಲ್ಲ.

ಮನೆಯ ಕ್ಯಾಸೆಟ್ಟುಗಳನ್ನೇ ಏಕೆ ಕೇಳುತ್ತಿದ್ದೇನೆಂದರೆ, ಬೇರೆ ಕಡೆ ಈ ಜನ ಸಿಗುವುದು ಕಡಿಮೆ. ಮೀಂಡಿಗೆ ಒಗ್ಗದ ವಾದ್ಯ, ನಮ್ಮ ಶ್ರುತಿಗಳಿಗೆ ಸಲ್ಲದ ವಾದ್ಯ ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಆ ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಂದರೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಹಾಡಿಕೆ ಊರೂರಿಗೆ ತುಂಬಿ ಹರಿಯುತ್ತಿದ್ದ ಆ ಇಪ್ಪತ್ತು ವರ್ಷ ನಮ್ಮ ನಿಲಯದಲ್ಲಿ ಪೇಟಿಯವರಿಗೆ ಜಾಗವೇ ಇರಲಿಲ್ಲ. ಅವರು ನುಡಿಸಿದ್ದೆಲ್ಲ ಪೆಂಡಾಲಿನಲ್ಲಿ, ಪಡಸಾಲೆಯಲ್ಲಿ, ಕಂಪನಿ ನಾಟಕದ ರಂಗದ ಮುಂದೆ. ಗೆಳೆಯನ ತಂದೆ ನಾಟಕದ ಕಂಪನಿಯಲ್ಲಿ ಕಾಲುಪೇಟಿ ನುಡಿಸಿದವರು. ಅವರ ನುಡಿಸಾಣಿಕೆ ಒಂದು ನಿಮಿಷದ್ದೂ ಉಳಿದಿಲ್ಲ. ಬಾಗಿಲು ತೆರೆದ ಮೇಲೂ ಸಣ್ಣ ಊರಿನ ಸಾಥಿಗಳೆಲ್ಲ ಒಳಗೆ ಹೋದರೆಂದಲ್ಲ. ಅವರ ದನಿ ಎಲ್ಲಾದರೂ ಉಳಿದಿದ್ದರೆ ನಿಮ್ಮಂಥ ಒಬ್ಬ ಕೇಳುಗ ತೊಡೆಯ ಮೇಲೆ ಇಟ್ಟುಕೊಂಡಿದ್ದ ರೆಕಾರ್ಡರಿನಲ್ಲಿ.

ಈ ಮರೆವು ಇಂದಿನದೂ ಅಲ್ಲ. 1930ರಲ್ಲಿ ನಮ್ಮ ಮೈಸೂರಿನಲ್ಲೇ ಕೊನೆಯುಸಿರೆಳೆದ ಗೌಹರ್ ಜಾನ್ 1902ರಿಂದ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದವರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಪರದೇಶದಲ್ಲಿ ತಟ್ಟೆ ಅಚ್ಚಾಗುವಾಗ ಲೇಬಲ್ ತಪ್ಪದಿರಲಿ ಎಂದು. ಹಿಂದೆ ಕೂತು ನುಡಿಸಿದವರಿಗೆ ಹಾಗೆ ಕೂಗಿ ಹೇಳುವ ಅವಕಾಶ ಇರಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ, ಹುಬ್ಬಳ್ಳಿ-ಧಾರವಾಡದ ವಸಂತ ಕನಕಾಪುರ ಅವರ ಹೆಸರು ಉಳಿಯಿತು, ಉಳಿಯಲೇಬೇಕಾಗಿತ್ತು. ಗಂಗೂಬಾಯಿಯವರ ಮಾತು ಬಂದರೆ ತಬಲಾದ ಶೇಷಗಿರಿ ಹಾನಗಲ್ ಅವರನ್ನು ನೆನೆಯುವವರು ಇನ್ನೂ ಇದ್ದಾರೆ. ಆದರೆ ಅವರ ಸುತ್ತ ಗದಗ, ಕುಂದಗೋಳ, ಬಾಗಲಕೋಟೆ, ಕುಮಟಾದಲ್ಲಿ ಬಸ್ಸಿನ ಸೀಟಿನ ಕೆಳಗೆ ಪೇಟಿ ತುರುಕಿಕೊಂಡು ಓಡಾಡಿದ ನೂರಾರು ಜನರನ್ನು ನೆನೆಯಲು ನಮಗೆ ಹೆಸರೇ ಗೊತ್ತಿಲ್ಲ.

ಗೆಳೆಯನ ಹೆಸರನ್ನು ನಾನು ಇಲ್ಲಿ ಬರೆಯದೆ ಇರುವುದಕ್ಕೂ ಕಾರಣವಿದೆ. ಬರೆದರೆ ನೀವು ಅವನೊಬ್ಬನನ್ನೇ ಹುಡುಕುತ್ತೀರಿ. ನಿಮ್ಮ ಕ್ಯಾಸೆಟ್ಟಿನಲ್ಲಿರುವ ಸಾಥಿ ಬೇರೆಯವರಿರಬಹುದು. ನಿಮ್ಮ ಊರಿನ ಸಾಲಿಮಾಸ್ತರರೋ ದರ್ಜಿಯೋ ಆಗಿದ್ದು, ಅವರ ಮಕ್ಕಳೂ ಇದೇ ಪ್ರಶ್ನೆ ಕೇಳುತ್ತಿರಬಹುದು.

ಈಗ ಕ್ಯಾಸೆಟ್ಟಿನ ಮಾತು. ತೆಗೆದ ಕೂಡಲೆ ಪ್ಲೇಯರಿಗೆ ಹಾಕಬೇಡಿ. ಬೆಳಕಿಗೆ ಹಿಡಿದು ಟೇಪಿನ ಅಂಚು ನೋಡಿ. ಬಿಳಿ ಪುಡಿಯಂಥ ಬೂಸ್ಟು ಕಂಡರೆ ಅದನ್ನು ಬೇರೆ ಇಡಿ, ಈ ಕೆಲಸ ಬಲ್ಲವರ ಕೈಗೇ ಕೊಡಿ. ಇಲ್ಲದಿದ್ದರೆ ಬೂಸ್ಟು ಹೆಡ್ಡಿಗೆ ಅಂಟಿ ಮುಂದೆ ಹಾಕುವ ಕ್ಯಾಸೆಟ್ಟಿಗೂ ದಾಟುತ್ತದೆ. ಚೊಕ್ಕವಾಗಿದ್ದರೆ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಕೈತಪ್ಪಿ ಅಳಿಸಿಹೋಗುವ ಭಯವಿರುವುದಿಲ್ಲ. ವರ್ಷಗಟ್ಟಲೆ ಬಿದ್ದ ಟೇಪು ಅಂಟಿಕೊಂಡಿರಬಹುದು, ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದೆ ಸುತ್ತಿ, ಆಮೇಲೆ ಹಚ್ಚಿ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಟೇಪು ಅರವತ್ತರದ್ದಕ್ಕಿಂತ ತೆಳು, ಅದಕ್ಕೆ ಹೆಚ್ಚು ಜೋಕೆ ಬೇಕು. ಕಂಪ್ಯೂಟರಿಗೆ ಇಳಿಸುವಾಗ ವೇವ್ ಫೈಲಿನಲ್ಲಿ ಇಳಿಸಿ, ಎರಡು ಕಡೆ ಇಡಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

ಇದೆಲ್ಲಕ್ಕಿಂತ ಮುಖ್ಯ ಕೆಲಸ ಇನ್ನೊಂದಿದೆ, ಅದಕ್ಕೆ ಯಂತ್ರ ಬೇಕಿಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೇಳಿಸಿ. “ಪೇಟಿ ಯಾರದ್ರೀ? ತಬಲಾ ಯಾರದು? ತಂಬೂರಿ ಹಿಡಿದು ಹಿಂದ ದನಿಗೂಡಿಸಿದ ಹುಡುಗಿ ಯಾರು?” ಎಂದು ಕೇಳಿ. ಅವರು ಹೇಳಿದ್ದನ್ನು ಆ ಕ್ಷಣವೇ ಬರೆದಿಡಿ. ಖಾತ್ರಿ ಇಲ್ಲದಿದ್ದರೆ ಮುಂದೆ ಪ್ರಶ್ನಾರ್ಥಕ ಹಾಕಿ, ಊಹಿಸಿ ತುಂಬಬೇಡಿ. ನನ್ನ ಅರವತ್ತೆರಡರಲ್ಲಿ ಇನ್ನೂ ಮೂವತ್ತರ ಮೇಲೆ ಆ ಪ್ರಶ್ನೆ ಹಾಗೇ ನಿಂತಿದೆ, ಕೇಳೋಣವೆಂದರೆ ಹೇಳುವವರು ಉಳಿದಿಲ್ಲ.

ನನಗಾಗಿ ಒಂದನ್ನು ಬೇಡುತ್ತೇನೆ. 1996ರ ಶ್ರಾವಣದಲ್ಲಿ ಶಿರಸಿಯ ಹತ್ತಿರ ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ ಬೈಠಕ್ ಇತ್ತು. ಗಾಯಕರ ಗಾಡಿ ಮುಂಡಗೋಡದಾಚೆ ಕೆಟ್ಟು ನಿಂತಿತ್ತು. ಮೊದಲೇ ಬಸ್ಸಿನಲ್ಲಿ ಬಂದಿಳಿದಿದ್ದ ಗೆಳೆಯ, ಕೂತ ಜನ ಏಳದಿರಲೆಂದು ಒಬ್ಬನೇ ನುಡಿಸತೊಡಗಿದ. ರಾತ್ರಿ ಒಂದರವರೆಗೆ ನುಡಿಸಿದ. ಅವನು ಮುಂದೆ ಕೂತು ನುಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರ ತೊಡೆಯ ಮೇಲೆ ರೆಕಾರ್ಡರಿತ್ತು. ಬಾಗೇಶ್ರೀ ನಡುವೆ ಅದು ಕಟ್ಟೆಂದು ನಿಂತಿತು. ಗೆಳೆಯ ತಬಲಾದವರಿಗೆ ಕಣ್ಣಿನಲ್ಲೇ ಹೇಳಿ, ಷಡ್ಜ ಹಿಡಿದು, ಅವರು ಕ್ಯಾಸೆಟ್ ಮಗುಚಿ ಹಾಕುವವರೆಗೆ ಕಾದ. ಅವರು ತಲೆದೂಗಿದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಂಡ.

ಆ ಹಿರಿಯರ ಹೆಸರನ್ನೂ ನಾವು ಕೇಳಿಟ್ಟುಕೊಳ್ಳಲಿಲ್ಲ. ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ಅವನ ಮಗಳನ್ನು ಕರೆದುಕೊಂಡು ನಾನೇ ಬರುತ್ತೇನೆ. ಲೇಬಲ್ಲಿನ ಮೇಲೆ ಏನೂ ಬರೆದಿರಲಿಕ್ಕಿಲ್ಲ. ಎರಡನೆಯ ಮಗ್ಗುಲನ್ನು ಮೊದಲು ಹಚ್ಚಿ ನೋಡಿ, ಬಾಗೇಶ್ರೀ ಅರ್ಧದಿಂದ ಶುರುವಾಗುತ್ತದೆ.